ದೊಡ್ಡಪ್ಪನ ಪ್ರಕಾರ ಗಾಡಿ ನಿಂತಿದೆ

ಮೇಜಿನ ಕೆಳಗೆ ತನ್ನ ಎಡಗಾಲು ನೆಲವನ್ನು ಒತ್ತುತ್ತಿದೆ ಎಂದು ಅವನಿಗೆ ತಿಳಿದದ್ದು ಹೆಂಡತಿ ಕಾಫಿ ಲೋಟ ಇಡುತ್ತ, "ಸ್ವಲ್ಪ ಕಾಲು ಸುಮ್ನಿಡ್ತೀರಾ? ಮೇಜು ಅಲ್ಲಾಡ್ತಿದೆ" ಎಂದಾಗ. ಅವನು ಕಾಲನ್ನು ಹಿಂದಕ್ಕೆಳೆದು ಕುರ್ಚಿಯ ಅಡ್ಡಪಟ್ಟಿಗೆ ಸಿಕ್ಕಿಸಿಕೊಂಡ. ಅವಳು ಬ್ರೆಡ್ಡಿನ ಅಂಚು ಕತ್ತರಿಸುತ್ತಿದ್ದಳು. ಚಾಕು ಬೆರಳಿನ ಹತ್ತಿರ ಬಂದಾಗ ಅವನ ಕಾಲು ಪಟ್ಟಿಯ ಮೇಲೆ ಮತ್ತೆ ಬಿಗಿಯಾಯಿತು. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದ ಸೀಟಿನಲ್ಲಿ ಕೂತು ಕೂತು ಅಂಟಿಕೊಂಡ ಚಾಳಿ ಅದು. ಅಲ್ಲಿ ಕಲಿಸುವವನ ಕಾಲ ಬಳಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಕಲಿಯುವವರು ಎಡವಿದರೆ ಅವನು ಒತ್ತಬೇಕು. ಆದರೆ ಅವನ ಕಾಲುಗಳಿಗೆ ಕಾರು ಯಾವುದು, ಮನೆ ಯಾವುದು ಎಂಬ ಭೇದ ಉಳಿದಿರಲಿಲ್ಲ. ಎದುರುಮನೆಯ ಮಗು ಮೆಟ್ಟಿಲಿಳಿಯುವಾಗ ಒತ್ತುತ್ತಿದ್ದವು. ಬ್ಯಾಂಕಿನ ಲಿಫ್ಟು ಕೆಳಗಿಳಿದು ನೆಲದ ಹತ್ತಿರ ಬರುವಾಗ ಒತ್ತುತ್ತಿದ್ದವು. ಲಿಫ್ಟು ನಿಂತಾಗ, ತಾನು ಒತ್ತಿದ್ದರಿಂದಲೇ ನಿಂತಿತು ಎಂದು ಒಂದು ಗಳಿಗೆ ಅನ್ನಿಸುತ್ತಿತ್ತು. ಅದು ಹುಚ್ಚು ಎಂದು ಗೊತ್ತಿದ್ದರೂ ಆ ಒಂದು ಗಳಿಗೆ ಅವನಿಗೆ ಹಿತವಾಗಿರುತ್ತಿತ್ತು.

"ಏನ್ರೀ, ಪರೀಕ್ಷೆ ನಂಗೋ ನಿಮ್ಗೋ?" ಎಂದಳು ಹೆಂಡತಿ.

"ನಿಂಗೇ. ನಂಗ್ಯಾಕೆ?"

"ಮುಖ ನೋಡಿದ್ರೆ ಹಾಗನ್ನಿಸಲ್ಲಪ್ಪ."

ಇವತ್ತು ಅವಳ ಲೈಸೆನ್ಸ್ ಪರೀಕ್ಷೆ. ಅವಳು ಆರೋಗ್ಯ ಕೇಂದ್ರದಲ್ಲಿ ನರ್ಸು. ಮದುವೆಗೆ ಮುಂಚಿನಿಂದಲೂ ಅಲ್ಲಿನ ಇಂಜೆಕ್ಷನ್ ಕೋಣೆಯಲ್ಲಿ, ಕಿಟಕಿಯಿಲ್ಲದ ಗೋಡೆಗೆ ಮುಖ ಮಾಡಿ ಕೂತು ಬಂದವಳು. ಊರಾಚೆ ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಕಟ್ಟು ಬದಲಾಯಿಸುವ ಸುತ್ತಿನ ಕೆಲಸ ಈಗ ಖಾಲಿಯಾಗಿತ್ತು. ಅದಕ್ಕೆಂದು ಕೇಂದ್ರದ ಒಂದು ಚಿಕ್ಕ ಕಾರಿತ್ತು, ಡ್ರೈವರ್ ಇರಲಿಲ್ಲ. ಲೈಸೆನ್ಸ್ ಇದ್ದವರಿಗೆ ಸುತ್ತು ಎಂದು ದೊಡ್ಡ ಡಾಕ್ಟರು ಹೇಳಿಬಿಟ್ಟಿದ್ದರು. ಇವತ್ತು ಮಧ್ಯಾಹ್ನ ಊಟಕ್ಕೆ ಮುಂಚೆ ಅವಳು ಹೋಗಿ ಲೈಸೆನ್ಸ್ ಪಾಸಾದ ಚೀಟಿ ತೋರಿಸಿದರೆ ಸುತ್ತು ಅವಳದು. ಇಲ್ಲದಿದ್ದರೆ ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ, ಲೈಸೆನ್ಸನ್ನು ಪರ್ಸಿನಲ್ಲೇ ಇಟ್ಟುಕೊಂಡು ಓಡಾಡುವ ಚಿಕ್ಕ ನರ್ಸಿನದು. ಈ ಬಗ್ಗೆ ಅವಳು ಹೆಚ್ಚು ಮಾತಾಡಿರಲಿಲ್ಲ. ಒಂದು ಸಂಜೆ ಬಟ್ಟೆ ಮಡಚುತ್ತ, "ಬರೀ ತೋಳು ನೋಡಿ ನೋಡಿ ಸಾಕಾಗಿದೆ ರೀ. ಪೂರ್ತಿ ಮನುಷ್ಯರನ್ನ ನೋಡ್ಬೇಕು ನಂಗೆ" ಎಂದಿದ್ದಳು, ಅಷ್ಟೇ. ಆ ಮಾತು ಅವನಿಗೆ ನಾಟಿತ್ತು. ಮರುದಿನವೇ ಅವಳನ್ನು ಸ್ಕೂಲಿಗೆ ಕರೆದುಕೊಂಡು ಹೋಗಿದ್ದ.

ಕಲಿಸಿದ್ದೇನೋ ಹೌದು. ಆದರೆ ಅವನಿಗೊಬ್ಬನಿಗೇ ಗೊತ್ತಿದ್ದ ಒಂದು ಸಂಗತಿ ಈಗ ಬ್ರೆಡ್ಡಿನ ತುಂಡಿನ ಜೊತೆ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಅವಳು ಇದುವರೆಗೆ ಓಡಿಸಿರಲೇ ಇಲ್ಲ. ಓಡಿಸಿದ್ದೆಲ್ಲ ಅವನ ಕಾಲು. ಬೇರೆಯವರಿಗೆ ಕಲಿಸುವಾಗಲೂ ಶುರುವಿನಲ್ಲಿ ಕಾಲು ಕೊಡುವುದು, ಅವರಿಗೆ ಕೈ ಕೂಡಿಬಂದ ಹಾಗೆ ಮೆಲ್ಲಗೆ ತೆಗೆಯುವುದು ಈ ಕೆಲಸದ ರೂಢಿ. ಹೆಂಡತಿಯ ವಿಷಯದಲ್ಲಿ ಮಾತ್ರ ತೆಗೆಯಲಾಗಲಿಲ್ಲ. ನೀರಿನ ಟ್ಯಾಂಕಿನ ಹಿಂದಿನ ಏರಿನಲ್ಲಿ ಗಾಡಿ ನಿಲ್ಲಿಸಿ ಮತ್ತೆ ಹೊರಡಬೇಕು. ಅವಳು ತುಟಿ ಕಚ್ಚಿಕೊಳ್ಳುವಳು, ಕತ್ತಿನ ನರ ಉಬ್ಬುವುದು, ಹಿಂದೆ ಯಾವುದೋ ಲಾರಿ ಬಂದು ಹಾರನ್ ಹೊಡೆಯುವುದು, ಅಷ್ಟರಲ್ಲಿ ಅವನ ಎಡಗಾಲು ಅವನ ಅಪ್ಪಣೆ ಕೇಳದೆ ಕ್ಲಚ್ಚಿನ ಮೇಲೆ ಇಳಿದಿರುತ್ತಿತ್ತು. ಗಾಡಿ ಹಿಂದಕ್ಕೆ ಜಾರುತ್ತಿತ್ತು. ಅವನೇ ಬ್ರೇಕ್ ಹಾಕಿ, ಅವನೇ ಕ್ಲಚ್ ಬಿಟ್ಟು ಏರು ಹತ್ತಿಸಿ, "ಪರವಾಗಿಲ್ಲ, ಮೊದಮೊದಲು ಎಲ್ರಿಗೂ ಹೀಗೇ" ಎನ್ನುತ್ತಿದ್ದ. ಮನೆಗೆ ಬರುವ ದಾರಿಯಲ್ಲಿ ಅವಳು, "ಇವತ್ತು ಸುಮಾರಾಗಿ ಓಡಿಸಿದೆ ಅಲ್ವಾ?" ಎಂದು ಕೇಳಿದರೆ, "ಚೆನ್ನಾಗೇ ಓಡಿಸಿದೆ" ಎನ್ನುತ್ತಿದ್ದ. ಹಾಗನ್ನುವಾಗ ತನ್ನ ದೊಡ್ಡ ಮನಸ್ಸನ್ನು ತಾನೇ ಮೆಚ್ಚಿಕೊಳ್ಳುತ್ತಿದ್ದ. ನಾಚಿಕೆಗೇಡು, ಈ ಮೆಚ್ಚಿಕೆಯೇ ನಾಚಿಕೆಗೇಡು ಎಂದು ಈಗ ಲೋಟ ತೊಳೆಯುತ್ತ ಅಂದುಕೊಂಡ. ಇವತ್ತು ಪಕ್ಕದ ಸೀಟಿನಲ್ಲಿ ಅಧಿಕಾರಿ ಕೂರುತ್ತಾನೆ, ತಾನು ಕೆಳಗೆ ನಿಂತಿರುತ್ತೇನೆ, ಅವಳು ಮೊದಲ ಏರಿನಲ್ಲೇ ಜಾರಿ ಎಲ್ಲರೆದುರು ಮಾನ ಕಳೆದುಕೊಳ್ಳುತ್ತಾಳೆ. ಮೊದಲೇ ಹೇಳಿದರೆ ಅವಳ ಧೈರ್ಯ ಹೋಗುತ್ತದೆ. ಹೇಳದಿದ್ದರೆ ಮಾನ ಹೋಗುತ್ತದೆ. ಇದರ ಅಡಿಯಲ್ಲಿ ಇನ್ನೊಂದು ಯೋಚನೆ ಬಚ್ಚಲಿನ ಜಿರಲೆಯ ಹಾಗೆ ಇಣುಕಿ ಮರೆಯಾಗುತ್ತಿತ್ತು: ಅವಳು ಫೇಲಾಗಿ ಬಂದು ತನ್ನ ಪಕ್ಕ ಕೂತು ಅತ್ತರೆ ತನಗೆ ಒಳಗೊಳಗೇ ಸಮಾಧಾನವಾಗುವುದಿಲ್ಲವೇ? ಅವನು ನಲ್ಲಿಯನ್ನು ಜೋರಾಗಿ ತಿರುಗಿಸಿದ. ಲೋಟ ಆಗಲೇ ಸ್ವಚ್ಛವಾಗಿತ್ತು.

ಸ್ಕೂಲಿನ ಶೆಡ್ಡಿನಲ್ಲಿ ಕಾರು ನಿಂತಿತ್ತು. ಮಾಲೀಕನ ಬಾವ ಊರು ಬಿಡುವಾಗ ಬಿಟ್ಟುಹೋದ ಕಾರು ಅದು. ಬರುವಾಗ ಅದು ತಾನೇ ಗೇರು ಬದಲಾಯಿಸಿಕೊಳ್ಳುವ ಆಟೋಮ್ಯಾಟಿಕ್ ಗಾಡಿ. ಕ್ಲಚ್ಚಿಲ್ಲದ ಗಾಡಿಯಲ್ಲಿ ಕಲಿಸುವುದೇನು, ಮಣ್ಣು? ಮಾಲೀಕ ತನಗೆ ಗೊತ್ತಿದ್ದ ಮೆಕ್ಯಾನಿಕ್ಕಿಗೆ ಹೇಳಿ, ಅಂಥದೇ ಇನ್ನೊಂದು ಮುರಿದ ಕಾರಿನಿಂದ ಕೈಯಲ್ಲಿ ಹಾಕುವ ಗೇರ್ ಬಾಕ್ಸ್ ತರಿಸಿ ಕೂರಿಸಿದ್ದ. ಎಂಜಿನ್ನಿನ ಕಂಪ್ಯೂಟರನ್ನು ಮಾತ್ರ ಬದಲಾಯಿಸಿರಲಿಲ್ಲ. ಗಾಡಿ ಒಪ್ಪಿಸುವ ದಿನ ಮೆಕ್ಯಾನಿಕ್ಕು ಪಕ್ಕದ ಸೀಟಿನ ಮುಂದಿನ ಚಾಪೆ ಎತ್ತಿ, ಅದರಡಿ ಕೂತಿದ್ದ ಆ ಕಂಪ್ಯೂಟರಿನ ತಗಡಿನ ಡಬ್ಬಿಯನ್ನು ತಟ್ಟಿ ಭಾಷಣ ಮಾಡಿದ್ದ. "ಇವ್ರು ದೊಡ್ಡಪ್ಪ. ಗೇರ್ ಬಾಕ್ಸ್ ಬದ್ಲಾಯಿಸ್ಬಹುದು ಸರ್, ದೊಡ್ಡಪ್ಪನ್ನ ಬದ್ಲಾಯಿಸೋಕಾಗಲ್ಲ. ಕೀ ತಿರುಗಿಸಿದ್ರೂ ಇವ್ರು ಒಪ್ಪಿದ್ರೇನೇ ಗಾಡಿ ಸ್ಟಾರ್ಟ್ ಆಗೋದು. ಮನೇಲಿ ಏನೇನಾಗಿದೆ ಅಂತ ಇವರಿಗೆ ಹೇಳಿಲ್ಲ. ಹೇಳಿದ್ರೆ ರಂಪ ಮಾಡ್ತಾರೆ." ಹಳೆಯ ಗೇರ್ ಬಾಕ್ಸಿನ ಒಳಗಿದ್ದ ವಾಲ್ವುಗಳ ಜಾಗದಲ್ಲಿ ಮೆಕ್ಯಾನಿಕ್ಕು ಕಡ್ಲೆಕಾಯಿಯಷ್ಟುದ್ದದ ರೆಸಿಸ್ಟರುಗಳನ್ನು, ಕರೆಂಟು ತಡೆಯುವ ಪುಟ್ಟ ತುಂಡುಗಳನ್ನು, ಬೆಸುಗೆ ಹಾಕಿದ್ದ. "ದೊಡ್ಡಪ್ಪ ಆಗಾಗ ಒಬ್ಬೊಬ್ಬರನ್ನೇ ಕರೀತಾರೆ, ಇದ್ದೀಯೇನೋ? ಅಂತ. ಇವು ಇದ್ದೀನಿ ದೊಡ್ಡಪ್ಪ ಅಂತಾವೆ. ಇವಕ್ಕೆ ಬೇರೆ ಕೆಲ್ಸ ಇಲ್ಲ." ಗೇರು ಸದಾ ನ್ಯೂಟ್ರಲ್ಲಿನಲ್ಲಿದೆ ಎಂದು ಒಂದು ವೈರು ಹೇಳುತ್ತಿತ್ತು. ಚಕ್ರ ತಿರುಗುವ ಸುದ್ದಿ ತರುತ್ತಿದ್ದ ವೈರನ್ನು ಕತ್ತರಿಸಿ ಟೇಪು ಸುತ್ತಿದ್ದ; ವೇಗ ತೋರಿಸುವ ಮುಳ್ಳಿಗೆ ಹೊಸ ಗೇರ್ ಬಾಕ್ಸಿನಿಂದ ನೇರವಾಗಿ ಬೇರೆ ಕೇಬಲ್ ಕೊಟ್ಟಿದ್ದ. ಆಗ ಇವನು ಕೇಳಿದ್ದ, "ಗಾಡಿ ಓಡ್ತಿದೆ ಅಂತ ಹೇಳಿದ್ರೆ ಏನಾಗುತ್ತೆ?" ಮೆಕ್ಯಾನಿಕ್ಕು ಕೈಮುಗಿದಿದ್ದ. "ಬೇಡಿ ಸರ್. ನಿಂತಿದೆ ಅಂದ್ಕೊಂಡಿರೋವರೆಗೂ ಅವರಿಗೆ ಯಾವ ಚಿಂತೆನೂ ಇಲ್ಲ. ಓಡ್ತಿದೆ ಅಂದ್ರೆ ಸಾವಿರ ಪ್ರಶ್ನೆ. ಯಾವ ಗೇರು, ಯಾರನ್ನ ಕೇಳಿ ಹಾಕಿದ್ರಿ... ಆಮೇಲೆ ಕೆಂಪು ದೀಪ ಹಚ್ಕೊಂಡು ಕೂತುಬಿಡ್ತಾರೆ."

ಅಂದಿನಿಂದ ಅವನಿಗೆ ಆ ಡಬ್ಬಿಯ ಮೇಲೆ ಒಂದು ತರಹದ ಮರುಕ, ಒಂದು ತರಹದ ಹೊಟ್ಟೆಕಿಚ್ಚು. ಊರೆಲ್ಲ ಸುತ್ತಿ, ಸೇತುವೆ ದಾಟಿ, ಮಾರ್ಕೆಟ್ಟಿನ ಸಂದಿಯಲ್ಲಿ ಕನ್ನಡಿ ಉಜ್ಜಿಕೊಂಡು ಬಂದರೂ ದೊಡ್ಡಪ್ಪನ ಪ್ರಕಾರ ಗಾಡಿ ಗೇರ್ ಬಾಕ್ಸ್ ಬದಲಾಯಿಸಿದ ದಿನದಿಂದ ಅಲ್ಲೇ ನಿಂತಿತ್ತು. ಯಾರೋ ಮೂರ್ಖರು ಸುಮ್ಮಸುಮ್ಮನೆ ಆಕ್ಸಿಲರೇಟರ್ ತುಳಿಯುತ್ತಿದ್ದರು, ಅಷ್ಟೇ. ಎಂಜಿನ್ ಸೊರಗಿ ನಿಲ್ಲುವ ಹಾಗಾದರೆ ಪಾಪ, ಇದ್ದಲ್ಲಿಂದಲೇ ಒಂದಿಷ್ಟು ಪೆಟ್ರೋಲು ಹೆಚ್ಚಿಗೆ ಕೊಡುತ್ತಿತ್ತು. ಅವನು ದಿನವೂ ಅದರ ಮೇಲೆ ಕಾಲಿಟ್ಟುಕೊಂಡು ಕೂರುತ್ತಿದ್ದ. ಈಗಲೂ ಕೂತ. ಹೆಂಡತಿ ಸೀಟು ಮುಂದಕ್ಕೆಳೆದುಕೊಂಡು, ಕನ್ನಡಿ ಸರಿಮಾಡಿಕೊಂಡು, ಕೀ ತಿರುಗಿಸಿದಳು. ಇವತ್ತು ದಾರಿಯಲ್ಲಿ ಒಂದು ಸಲವೂ ಒತ್ತುವುದಿಲ್ಲ ಎಂದು ಅವನು ನಿಶ್ಚಯಿಸಿಕೊಂಡಿದ್ದ. ಹಾಲಿನ ಡೇರಿಯ ತಿರುವಿನಲ್ಲಿ ಒತ್ತಿದ. ಶಾಲೆಯ ಗೇಟಿನ ಮುಂದೆ ಒತ್ತಿದ. ಆಮೇಲೆ ಒತ್ತಿದ್ದನ್ನು ಗಮನಿಸುವುದನ್ನೇ ಬಿಟ್ಟ.

"ನೋಡು, ನಿಂಗೊಂದು ವಿಷ್ಯ ಹೇಳ್ಬೇಕು" ಎಂದ.

"ಪರೀಕ್ಷೆ ಆದ್ಮೇಲೆ ಹೇಳಿ."

"ಪರೀಕ್ಷೆಗೆ ಸಂಬಂಧಪಟ್ಟಿದ್ದೇ."

"ಹಾಗಿದ್ರೆ ಖಂಡಿತ ಆಮೇಲೇ ಹೇಳಿ" ಎಂದು ಅವಳು ಗೇರು ಬದಲಾಯಿಸಿದಳು.

ಪರೀಕ್ಷೆಯ ಮೈದಾನದಲ್ಲಿ ಜಲ್ಲಿ ಹಾಸಿದ ಅಂಗಳ, ಸಿಮೆಂಟಿನಲ್ಲಿ ಕಟ್ಟಿದ ಒಂದು ಏರು, ನೆರಳಿಗೊಂದು ತಗಡಿನ ಚಪ್ಪರ. ಅಧಿಕಾರಿ ಸಣ್ಣ ಮೀಸೆಯ, ಯಾವಾಗಲೂ ನೆಗಡಿಯಾದವನಂತೆ ಮೂಗೇರಿಸುವ ಮನುಷ್ಯ. ಅವನ ಕೈಯಲ್ಲಿ ಸ್ಲೇಟಿನಂಥದೊಂದು ಹೊಸ ಯಂತ್ರವಿತ್ತು. ಇನ್ನು ಮೇಲೆ ಪರೀಕ್ಷೆಯ ಗಾಡಿಗಳಿಗೆಲ್ಲ ಇದನ್ನು ಸಿಕ್ಕಿಸಬೇಕು, ಗಾಡಿಯ ಕಂಪ್ಯೂಟರನ್ನೇ ಕೇಳಿ ಇದು ಲೆಕ್ಕ ಬರೆದುಕೊಳ್ಳುತ್ತದೆ, ಯಾರೂ ಯಾರನ್ನೂ ದೂರುವ ಹಾಗಿಲ್ಲ ಎಂದು ವಿವರಿಸಿದ. ವಿವರಿಸುವಾಗ ಅದನ್ನು ಎರಡೂ ಕೈಯಲ್ಲಿ, ಬೇರೆಯವರ ಕೂಸನ್ನು ಹಿಡಿದಂತೆ ಹಿಡಿದಿದ್ದ. ಸ್ಟೇರಿಂಗಿನ ಕೆಳಗಿದ್ದ ಕಿಂಡಿಗೆ ವೈರು ಸಿಕ್ಕಿಸಿದಾಗ ಯಂತ್ರ ಒಂದು ಸಲ ಕೂಗಿ ಹಸಿರಾಯಿತು. ಅಧಿಕಾರಿ ಪಕ್ಕದ ಸೀಟಿನಲ್ಲಿ ಕೂತ. ತನ್ನ ಸೀಟಿನಲ್ಲಿ ಬೇರೊಬ್ಬ ಕೂತದ್ದನ್ನು ಅವನು ಚಪ್ಪರದಡಿಯಿಂದ ನೋಡಿದ.

ಗಾಡಿ ಹೊರಟಿತು. ಕಂಬಗಳ ನಡುವೆ ಹಾವಿನಂತೆ ಹರಿದು, ಹಿಂದಕ್ಕೆ ಬಂದು, ಪಟ್ಟೆಗಳ ನಡುವೆ ನಿಂತಿತು. ಅವನ ಎಡಗಾಲಿನ ಕೆಳಗೆ ಜಲ್ಲಿ ಕರಕರ ಎನ್ನುತ್ತಿತ್ತು. ಪಕ್ಕದಲ್ಲಿ ಸರದಿಗೆ ಕಾಯುತ್ತಿದ್ದವರು ತಿರುಗಿ ನೋಡಿದರು. ಆಮೇಲೆ ಏರು. ಗಾಡಿ ನಟ್ಟನಡುವೆ ನಿಂತಿತು. ಈಗ ಜಾರುತ್ತದೆ, ಈಗ ಜಾರುತ್ತದೆ ಎಂದು ಅವನು ಉಸಿರು ಬಿಗಿಹಿಡಿದ. ಜಾರಲಿಲ್ಲ. ಮೂತಿ ಕೊಂಚ ಮೇಲೆತ್ತಿ, ಏನೂ ಆಗಿಲ್ಲವೆಂಬಂತೆ ಹತ್ತಿ ಆಚೆ ಇಳಿಯಿತು. ಅವನಿಗೆ ತಕ್ಷಣ ಕಾರಣ ಹೊಳೆಯಿತು: ಅಧಿಕಾರಿ ಕಾಲು ಕೊಟ್ಟಿದ್ದಾನೆ. ಎಷ್ಟಾದರೂ ಹೆಂಗಸು, ನರ್ಸು, ಪಾಪ ಎಂದು ಕ್ಲಚ್ ಒತ್ತಿಬಿಟ್ಟಿದ್ದಾನೆ. ಮೊದಲು ಕೃತಜ್ಞತೆ ಅನ್ನಿಸಿತು. ಅದರ ಹಿಂದೆಯೇ ಸಿಟ್ಟು ಬಂತು. ತನ್ನ ಹೆಂಡತಿಗೆ ಕಾಲು ಕೊಡಲು ಇವನ್ಯಾರು? ಮದುವೆಮನೆಯಲ್ಲಿ ತನ್ನ ಎಲೆಗೆ ಬಡಿಸಬೇಕಾದ್ದನ್ನು ಪಕ್ಕದವನಿಗೆ ಬಡಿಸಿದ ಹಾಗಾಗಿ, ಇಂಥ ಮಾತು ತನ್ನ ತಲೆಗೆ ಬಂದದ್ದಕ್ಕೆ ತಾನೇ ಬೆಚ್ಚಿದ.

ಗಾಡಿ ಚಪ್ಪರದ ಮುಂದೆ ಬಂದು ನಿಂತರೂ ಅಧಿಕಾರಿ ಇಳಿಯಲಿಲ್ಲ. ಯಂತ್ರವನ್ನು ಅಲ್ಲಾಡಿಸಿದ, ತಟ್ಟಿದ, ಕನ್ನಡಕ ತೆಗೆದು ನೋಡಿದ, ಹಾಕಿಕೊಂಡು ನೋಡಿದ. ಕೊನೆಗೆ ಇಳಿದು ಬಂದು ಮೂಗೇರಿಸಿ, "ಗಾಡಿ ಓಡಿಲ್ಲ" ಎಂದ.

"ಓಡ್ತಲ್ಲ ಸರ್. ನೀವೇ ಒಳಗಿದ್ರಲ್ಲ."

"ಒಳಗಿದ್ದೆ. ಅದು ಬೇರೆ ಮಾತು." ಯಂತ್ರವನ್ನು ಅವನ ಮುಂದೆ ಹಿಡಿದ. "ಎಂಜಿನ್ ಓಡಿದೆ. ಜೋರಾಗೇ ಓಡಿದೆ. ವೇಗ ಸೊನ್ನೆ. ಗೇರು ನ್ಯೂಟ್ರಲ್. ಅಂದ್ರೆ ನಾನೂ ನಿಮ್ಮ ಮನೆಯವರೂ ಇಷ್ಟೊತ್ತು ಇಲ್ಲೇ ಕೂತ್ಕೊಂಡು ಸುಮ್ನೆ ಸದ್ದು ಮಾಡ್ತಿದ್ವಿ."

ಅವನು ದೊಡ್ಡಪ್ಪನ ವಿಷಯ ಹೇಳಬೇಕಾಯಿತು. ಚಾಪೆ ಎತ್ತಿ ತೋರಿಸಿದ. ಕತ್ತರಿಸಿದ ವೈರು, ಬೆಸುಗೆ ಹಾಕಿದ ರೆಸಿಸ್ಟರುಗಳು, ಇದ್ದೀನಿ ದೊಡ್ಡಪ್ಪ, ಎಲ್ಲವನ್ನೂ ಹೇಳಿದ. ಹೇಳುತ್ತ ಹೇಳುತ್ತ ತಾನೇ ಯಾವುದೋ ತಪ್ಪೊಪ್ಪಿಕೊಳ್ಳುತ್ತಿರುವಂತೆ ಅವನ ಮುಖ ಬಿಸಿಯಾಯಿತು. ಹೆಂಡತಿ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಮುಂದೆ ನೋಡುತ್ತಿದ್ದಳು.

"ಅಂದ್ರೆ ಕಂಪ್ಯೂಟರಿಗೆ ಸುಳ್ಳು ಹೇಳಿದೀರಿ" ಎಂದ ಅಧಿಕಾರಿ.

"ಸುಳ್ಳಲ್ಲ ಸರ್. ಎಲ್ಲಾನೂ ಹೇಳಿಲ್ಲ, ಅಷ್ಟೇ."

ಹೆಂಡತಿ ಕೆಮ್ಮಿದಳು. ನಕ್ಕಳೋ ಏನೋ.

ಅಧಿಕಾರಿ ಕೆಟ್ಟವನಲ್ಲ. ತಲೆ ಕೆರೆದುಕೊಂಡು ಚಪ್ಪರದಡಿ ಎರಡು ಸುತ್ತು ಹಾಕಿ ಬಂದ. ಅವನ ಮುಖ ಅರಳಿತ್ತು. "ಒಂದು ದಾರಿ ಇದೆ. ನಿಂತಿರೋ ಗಾಡೀಲಿ ತಪ್ಪಾಗೋಕೆ ಸಾಧ್ಯನೇ ಇಲ್ಲ. ಹೌದೋ ಅಲ್ವೋ? ಯಂತ್ರದ ಪ್ರಕಾರ ಗಾಡಿ ನಿಂತಿದೆ. ಹಾಗಾಗಿ ತಪ್ಪು ಸೊನ್ನೆ. ಸೊನ್ನೆ ತಪ್ಪಿರೋರನ್ನ ಫೇಲ್ ಮಾಡೋಕೆ ನನಗೂ ಅಧಿಕಾರ ಇಲ್ಲ. ಪಾಸ್ ಅಂತ ಬರ್ದುಬಿಡ್ತೀನಿ."

ಅವನ ಮೈಯೆಲ್ಲ ಹಗುರಾಯಿತು. "ಆಗಲಿ ಸರ್, ದೊಡ್ಡ ಉಪಕಾರ" ಎನ್ನಲು ಬಾಯಿ ತೆರೆದಿದ್ದ.

"ಆಗಲ್ಲ" ಎಂದಳು ಹೆಂಡತಿ ಕಾರಿನೊಳಗಿಂದ. ದನಿ ಎತ್ತರಿಸಿರಲಿಲ್ಲ. "ನಾನು ಓಡಿಸಿದೀನಿ ಸರ್. ಓಡಿಸಿದ್ರು ಅಂತ ಬರ್ದು ಪಾಸ್ ಮಾಡಿ. ಇಲ್ಲ ಅಂದ್ರೆ ಫೇಲ್ ಮಾಡಿ. ನಿಂತಿದ್ರು ಅಂತ ಪಾಸ್ ಮಾಡ್ಬೇಡಿ."

"ಏನಾದ್ರೇನೇ, ಪಾಸ್ ಪಾಸೇ" ಎಂದು ಅವನು ಕಿಟಕಿಗೆ ಬಗ್ಗಿ ಪಿಸುಗುಟ್ಟಿದ. "ಊಟದ ಹೊತ್ತೊಳಗೆ ಹೋಗಿ ತೋರಿಸ್ಬೇಕು ತಾನೇ? ಸುತ್ತು ಬೇಕೋ ಬೇಡ್ವೋ ನಿಂಗೆ?"

"ಬೇಕು. ಅದಕ್ಕೇ ಹೇಳ್ತಿರೋದು."

ಅವನಿಗೆ ಅವಳ ಮೇಲೆ ಕೆಂಡದಂಥ ಸಿಟ್ಟು ಬಂತು. ಬಂದದ್ದನ್ನು ಬಾಚಿಕೊಳ್ಳದೆ ಹಟ ಮಾಡುತ್ತಾಳೆ. ಅದೂ ತನ್ನ ಕಾಲಿನಿಂದಲೋ ಅಧಿಕಾರಿಯ ಕಾಲಿನಿಂದಲೋ ಏರಿದ ಏರನ್ನು ತನ್ನದೆಂದು ನಂಬಿಕೊಂಡು! ಇದೇ ಗಳಿಗೆಯಲ್ಲಿ ಹೇಳಿಬಿಡಬೇಕು, ಅವಳ ಮುಖ ಹೇಗಾಗುತ್ತದೋ ನೋಡಬೇಕು ಎಂಬ ಕ್ರೂರವಾದ ಆಸೆ ನಾಲಗೆಯ ತುದಿಯವರೆಗೂ ಬಂದು ನಿಂತಿತು. ಅಷ್ಟರಲ್ಲಿ ಅಧಿಕಾರಿ, ಹಾಗಿದ್ದರೆ ಯಂತ್ರ ಬರುವುದಕ್ಕಿಂತ ಮುಂಚಿನ ಪದ್ಧತಿಯೇ ಗತಿ ಎಂದ. ಯಂತ್ರಕ್ಕೂ ಕಣ್ಣಿಗೂ ತಾಳೆಯಾಗದ ಕಾರಣ ಇನ್ನೊಂದು ಸಲ ಓಡಿಸಬೇಕು, ಕಲಿಸಿದವನೇ ಪಕ್ಕದಲ್ಲಿ ಕೂತು ಸಾಕ್ಷಿ ಹೇಳಬೇಕು, ಅಧಿಕಾರಿ ಹಿಂದೆ ಕೂತು ಸಾಕ್ಷಿಯ ಮೇಲೆ ಕಣ್ಣಿಡಬೇಕು. "ಆದ್ರೆ ನಿಮ್ಮ ಕಾಲು ಪೆಡಲ್ ಹತ್ರ ಹೋಗ್ಬಾರ್ದು. ಶೂ ಬಿಚ್ಚಿ, ಕಾಲು ಮಡಚಿ ಸೀಟಿನ ಮೇಲೆ ಇಟ್ಕೊಳ್ಳಿ. ನಂಗೆ ಕಾಣೋ ಹಾಗೆ."

ಹೀಗೆ ಅವನು, ಊರಿಗೆಲ್ಲ ಗಾಡಿ ಕಲಿಸಿದವನು, ತನ್ನ ಸೀಟಿನಲ್ಲಿ ಚಕ್ಕಳಮಕ್ಕಳ ಹಾಕಿಕೊಂಡು ಕೂತ. ಚಪ್ಪರದಡಿಯಲ್ಲಿ ಯಾರೋ ನಕ್ಕರು. ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಅದನ್ನು ಅಂಗೈಯಲ್ಲಿ ಮುಚ್ಚಿಕೊಂಡ. ಹಿಂದಿನಿಂದ ಅಧಿಕಾರಿ, "ಕೈ ತೆಗೀರಿ, ಬೆರಳು ಕಾಣ್ಬೇಕು" ಎಂದ. ಎಡಮಂಡಿ ಬಾಗಿಲಿಗೂ ಬಲಮಂಡಿ ಗೇರಿನ ಕೋಲಿಗೂ ತಾಗುತ್ತಿದ್ದವು. ಹೆಂಡತಿ ಗೇರು ಹಾಕುವಾಗ ಅವಳ ಮುಷ್ಟಿ ಅವನ ಮಂಡಿಗೆ ಬಡಿಯಿತು. "ಸ್ವಲ್ಪ ಸರೀರಿ" ಎಂದಳು. ಸರಿದ. ಕಂಬಗಳು ಬಂದವು, ಹೋದವು. ಖಾಲಿ ಬಿಟ್ಟಿದ್ದ ಅವನ ಪೆಡಲುಗಳು ಕೆಳಗೆ ತಾವಾಗಿಯೇ ಇಳಿಯುತ್ತಿದ್ದವು, ಏಳುತ್ತಿದ್ದವು. ಅವಳು ಒತ್ತಿದಾಗ ಇಳಿಯುವವು, ಬಿಟ್ಟಾಗ ಏಳುವವು. ಇಷ್ಟು ವರ್ಷ ಅವುಗಳ ಮೇಲೆ ಕಾಲಿಟ್ಟಿದ್ದರಿಂದ ಅವು ಹೀಗೆ ಒಂಟಿಯಾಗಿ ಆಡುವುದನ್ನು ಅವನು ನೋಡಿಯೇ ಇರಲಿಲ್ಲ. ಕಣ್ಣು ಕೀಳಲಾಗದೆ ನೋಡುತ್ತಿದ್ದ.

ಏರಿನ ನಡುವೆ, "ನಿಲ್ಲಿಸಿ" ಎಂದ ಅಧಿಕಾರಿ. ನಿಂತಿತು. "ಹೊರಡಿ."

ಅವನ ಎಡಪಾದ ಮಡಚಿದಲ್ಲಿಯೇ ತನ್ನದೇ ಬಲತೊಡೆಯನ್ನು ಬಲವಾಗಿ ಒತ್ತಿತು. ಅವನ ಕಾಲಿಲ್ಲ. ಅಧಿಕಾರಿಯ ಕಾಲೂ ಇಲ್ಲ, ಅದು ಹಿಂದಿದೆ. ಕೆಳಗೆ ಕ್ಲಚ್ಚು ಮೆಲ್ಲಗೆ, ಮುದ್ದಿನ ಬೆಕ್ಕು ಬೆನ್ನೆತ್ತಿದ ಹಾಗೆ ಎದ್ದಿತು, ಒಂದು ಕಡೆ ಬಂದು ತಡೆಯಿತು. ಗಾಡಿ ನಡುಗಿತು. ಒಂದು ಅಂಗುಲವೂ ಹಿಂದೆ ಹೋಗದೆ ಹತ್ತಿತು.

"ಏರಲ್ಲಿ ಈ ಹೊತ್ತಿಗೆ ನೀವು ಯಾವಾಗ್ಲೂ ಒತ್ತಿಬಿಡ್ತಿದ್ರಿ" ಎಂದಳು ಹ್ಯಾಂಡ್ ಬ್ರೇಕ್ ಪೂರ್ತಿ ಇಳಿಸುತ್ತ, ತರಕಾರಿಯ ವಿಷಯ ಹೇಳುವ ದನಿಯಲ್ಲಿ. "ಆವಾಗ ಜಾರ್ತಿತ್ತು."

ಅವನಿಗೆ ಕೇಳಿಸಿತು. ಅರ್ಥವಾಗಲು ಏರಿನಾಚೆ ಇಳಿಯುವಷ್ಟು ಹೊತ್ತು ಬೇಕಾಯಿತು. "ನಿಂಗೆ ಗೊತ್ತಿತ್ತಾ?"

"ಕಾಲ ಕೆಳಗಿನ ಪೆಡಲ್ ತಾನೇ ಇಳ್ದುಹೋದ್ರೆ ಗೊತ್ತಾಗಲ್ವಾ? ಇವತ್ತು ಡೇರಿ ಹತ್ರ, ಶಾಲೆ ಹತ್ರ..."

"ಹೇಳ್ಬಾರ್ದಿತ್ತಾ?"

"ಪರೀಕ್ಷೆ ನಡೀತಿದೆ, ಮಾತಾಡ್ಬಾರ್ದು" ಎಂದ ಅಧಿಕಾರಿ ಹಿಂದಿನಿಂದ. ಆಮೇಲೆ ಯಂತ್ರ ನೋಡಿ ಮೂಗೇರಿಸಿದ. "ಮಾತಾಡಿ ಪರವಾಗಿಲ್ಲ. ಇದರ ಪ್ರಕಾರ ನಾವಿನ್ನೂ ಹೊರಟಿಲ್ಲ."

"ಎರಡು ಸಲ ಹೇಳಿದೆ" ಎಂದಳು ಅವಳು. "ಕಾಲು ತೆಗೀರಿ ಅಂದೆ. ತೆಗೆದಿದೀನಿ ಅಂದ್ರಿ. ನಿಮ್ಗೆ ನಿಜವಾಗ್ಲೂ ಗೊತ್ತಾಗ್ತಿಲ್ಲ ಅಂತ ಆಮೇಲೆ ಸುಮ್ನಾದೆ. ಸಂಜೆ ಚೆನ್ನಾಗಿ ಓಡಿಸಿದೆ ಅನ್ನೋವಾಗ ಎಷ್ಟು ಖುಷಿಯಾಗಿರ್ತಿದ್ರಿ. ಅದನ್ಯಾಕೆ ಹಾಳು ಮಾಡ್ಲಿ? ನೀವು ಊರಲ್ಲಿಲ್ದೇ ಇದ್ದಾಗ ಪಕ್ಕದ್ಮನೆ ಅಕ್ಕನ ಗಾಡೀಲಿ ಏರು ಹತ್ತಿಸಿ ನೋಡಿದೆ. ಹತ್ತಿತು."

ಅವನು ಅವಮಾನ ಎಂದರೆ ಕೂಗಾಡುವಂಥದು ಎಂದುಕೊಂಡಿದ್ದ. ಇದು ಕೂತಲ್ಲೇ ತೊಡೆಯ ಜೋಮಿನಂತೆ ಮೆಲ್ಲಗೆ ಹತ್ತಿತು. ಎಷ್ಟು ವಿಷಯಗಳಲ್ಲಿ ಹೀಗಾಗಿದೆಯೋ. ಮಗಳು ಕಾಲೇಜು ಆರಿಸುವಾಗ, "ಅಪ್ಪ ಹೇಳಿದ ಹಾಗೇ" ಎಂದಿದ್ದಳು. ಅವನು ಹೇಳಿದ್ದು ಇನ್ನೊಂದು ಕಾಲೇಜಲ್ಲವೇ? ಮನೆಯ ಬಣ್ಣ, ಅತ್ತೆಯ ಆಪರೇಶನ್ನು, ತಂಗಿಯ ಮನೆಯ ಜಗಳ, ಎಲ್ಲವನ್ನೂ ತಾನೇ ಸಂಭಾಳಿಸಿದೆನೆಂದು ಹಾಯಾಗಿ ಮಲಗಿದ ರಾತ್ರಿಗಳು. ಅವನು ಕರೆದಾಗಲೆಲ್ಲ ಯಾರಾದರೊಬ್ಬರು, "ಹೂಂ ರೀ", "ಹೂಂ ಅಪ್ಪ", "ಇದ್ದೀವಿ" ಎಂದಿದ್ದರು. ಅವರೆಲ್ಲ ಆಗ ಎಲ್ಲೆಲ್ಲಿಗೆ ಹೋಗುತ್ತಿದ್ದರೋ. ಅವನಿಗೆ ಅಳು ಬಂತು, ಅಧಿಕಾರಿಗೆ ಕಾಣಬಾರದೆಂದು ಕಿಟಕಿಯ ಕಡೆ ತಿರುಗಿದ. ತನ್ನ ಮೇಲೇ ಮರುಕದಿಂದ ಬಂದ ಅಳು ಎಂದು ಮೊದಲು ಅನ್ನಿಸಿತು. ಆದರೆ ಅವಳು ಪಟ್ಟೆಗಳ ನಡುವೆ ಹಿಂದಕ್ಕೆ ಬಂದು, ಕತ್ತು ತಿರುಗಿಸಿ, ಅವನ ಭುಜದ ಮೇಲಿಂದ ಆಚೆ ನೋಡುತ್ತ, ಕಾರನ್ನು ಒಂದೇ ಸಲಕ್ಕೆ ಜಾಗದಲ್ಲಿ ಕೂರಿಸಿದಾಗ ಅವನಿಗೆ ಹೆಮ್ಮೆಯಾಗಿ ಎದೆ ಉಬ್ಬಿತು. ಆ ಹೆಮ್ಮೆಯಲ್ಲಿ ತನ್ನ ಪಾಲು ಎಷ್ಟೆಂದು ಹುಡುಕಿದ. ಸಿಗಲಿಲ್ಲ. ಆದರೂ ಹೆಮ್ಮೆ ಹೋಗಲಿಲ್ಲ.

ಚಪ್ಪರದ ಮುಂದೆ ಮೂವರೂ ಇಳಿದರು. ಅವನ ಎರಡೂ ಕಾಲು ಮರಗಟ್ಟಿ, ಬಾಗಿಲು ಹಿಡಿದುಕೊಂಡೇ ನಿಲ್ಲಬೇಕಾಯಿತು. ಅಧಿಕಾರಿ ಪೆನ್ನು ತೆಗೆದ. "ಸಾಕ್ಷಿ ಹೇಳಿ. ಗಾಡಿ ಓಡಿಸಿದ್ದು ಯಾರು?"

ಈ ಪ್ರಶ್ನೆಗೆ ಅವನು ಎಷ್ಟೋ ಜನರ ಪರವಾಗಿ ಕಣ್ಣು ಮಿಟುಕಿಸದೆ ಉತ್ತರ ಕೊಟ್ಟಿದ್ದ, ಅರ್ಧ ತಾನೇ ಓಡಿಸಿದ್ದಾಗಲೂ. ಈಗ ಹೇಳಬೇಕಾಗಿದ್ದದ್ದು ನಿಜ. ಅವನು ಒಂದು ಸಲ ಅನುಮಾನಿಸಿದರೆ, ಸರಿಯಾಗಿ ನೋಡಲಿಲ್ಲ ಎಂದರೆ ಸಾಕು, ಅವಳು ನಾಳೆಯೂ ಅವನ ಪಕ್ಕದಲ್ಲಿ ಕೂತು ಡೇರಿಯ ತಿರುವಿಗೆ ಬರುತ್ತಾಳೆ. ಹೆಂಡತಿ ಅವನನ್ನೇ ನೋಡುತ್ತಿದ್ದಳು. ಅವಳಿಗೆ ಗೊತ್ತಿದ್ದದ್ದು ಇವತ್ತಿನವರೆಗಿನ ಅವನು. ಮುಂದೇನು ಹೇಳುತ್ತಾನೆಂದು ಅವಳಿಗೂ ಗೊತ್ತಿರಲಿಲ್ಲ. ಅವಳ ಕತ್ತಿನ ನರ ಉಬ್ಬಿತ್ತು. ಏರಿನಲ್ಲಿ ಅದು ಉಬ್ಬುತ್ತಿದ್ದುದು ಏರಿಗೆ ಹೆದರಿ ಅಲ್ಲವೆಂದು ಅವನಿಗೆ ಆಗ ಹೊಳೆಯಿತು.

"ಅವಳು" ಎಂದ.

"ನೀವು?"

"ನಾನು ಏನೂ ಮಾಡ್ಲಿಲ್ಲ ಸರ್."

ಅಧಿಕಾರಿ ಓಡಿಸಿದ್ದಾರೆ, ಪಾಸ್ ಎಂದು ಬರೆದು, ಚೀಟಿ ಹರಿದು ಅವಳ ಕೈಗೆ ಕೊಟ್ಟ. ಅವಳು ಅದನ್ನು ಒಂದು ಸಲ ಓದಿದಳು. ಬಿಸಿಲು ಆಗಲೇ ನೆತ್ತಿಯ ಹತ್ತಿರ ಬಂದಿತ್ತು. ಚೀಟಿಯನ್ನು ಬ್ಯಾಗಿಗೆ ಸೇರಿಸಿ, ಸ್ಟೇರಿಂಗಿನ ಮುಂದೆ ಕೂತು, ಕಿಟಕಿಯಿಂದ ಮುಖ ಹೊರಹಾಕಿ, "ರೀ, ಬೇಜಾರು ಮಾಡ್ಕೋಬೇಡಿ. ಒಬ್ಳೇ ಹೋಗಿ ತೋರಿಸ್ತೀನಿ. ನೀವು ಬಸ್ಸಲ್ಲಿ ಬನ್ನಿ. ಗಾಡೀನ ಸಂಜೆ ಶೆಡ್ಡಿಗೆ ನಾನೇ ತಂದುಬಿಡ್ತೀನಿ, ಮಾಲೀಕರಿಗೆ ಹೇಳಿ" ಎಂದಳು.

ಅವನ ಶೂಗಳು ಕಾರಿನಲ್ಲಿದ್ದವು. ಹೇಳಲು ಕೈಯೆತ್ತಿದ. ಅವಳು ಅದನ್ನು ಬೀಳ್ಕೊಡುಗೆ ಎಂದುಕೊಂಡು ತಾನೂ ಕೈಯೆತ್ತಿದಳು. ಗಾಡಿ ಗೇಟು ದಾಟಿ, ಬಸ್ಸೊಂದಕ್ಕೆ ದಾರಿ ಬಿಟ್ಟು, ರಸ್ತೆಗೆ ತಿರುಗಿತು. ಅವನು ಎತ್ತಿದ ಕೈಯನ್ನು ಹಾಗೆಯೇ ಅಲ್ಲಾಡಿಸಿದ. ಆಮೇಲೆ ಸಾಕ್ಸಿನಲ್ಲಿ, ಬಿಸಿ ಜಲ್ಲಿಯ ಮೇಲೆ, ಗೇಟಿನ ಕಡೆ ಹೆಜ್ಜೆ ಹಾಕಿದ. ಸರದಿಯಲ್ಲಿ ನಿಂತಿದ್ದ ಹೆಂಗಸೊಬ್ಬಳು, ಸ್ಕೂಲಿನ ಹೆಸರು ಬರೆದಿದ್ದ ಅವನ ಅಂಗಿ ನೋಡಿ, "ಸರ್, ಆ ಏರು ಹತ್ತಿಸೋದು ತುಂಬಾ ಕಷ್ಟನಾ?" ಎಂದು ಕೇಳಿದಳು.

ಅವನು ನಿಂತು, ಏರನ್ನು ಒಮ್ಮೆ ತಿರುಗಿ ನೋಡಿ, "ನಂಗೆ ಗೊತ್ತಿಲ್ಲಮ್ಮ" ಎಂದ. "ನನ್ನ ಹೆಂಡ್ತೀನ ಕೇಳ್ಬೇಕು."